ಕಾರಣ, ಚಿಕಿತ್ಸೆ, ಪುರಾವೆ: ಮಲ್ಟಿಪಲ್ ಸ್ಕ್ಲೆರೋಸಿಸ್ ವಾದವಿವಾದಗಳ ಚರಿತ್ರೆ

ಮಲ್ಟಿಪಲ್ ಸ್ಕ್ಲೆರೋಸಿಸ್ ಮಿದುಳು, ಬೆನ್ನುಹುರಿ ಮತ್ತು ಕಣ್ಣಿನ ನರಗಳನ್ನು ಬಾಧಿಸುವ ದೀರ್ಘಕಾಲದ ಕಾಯಿಲೆ. ವೈದ್ಯರ ಹಾಗೂ ರೋಗಿಗಳ ಮಾತಿನಲ್ಲಿ ಅದು ಬರಿಯ ಎಂಎಸ್. ನರತಂತುಗಳನ್ನು ಪದರಪದರವಾಗಿ ಸುತ್ತಿಕೊಂಡು ಸಂಕೇತಗಳು ವೇಗವಾಗಿ ಹರಿಯಲು ನೆರವಾಗುವ ಮಯಲಿನ್ ಎಂಬ ಕೊಬ್ಬಿನಂಶದ ಹೊದಿಕೆ ಈ ಕಾಯಿಲೆಯಲ್ಲಿ ಅಲ್ಲಲ್ಲಿ ನಾಶವಾಗುತ್ತದೆ, ಹಾಗೆ ನಾಶವಾದ ಜಾಗಗಳು ಕಾಲಕ್ರಮದಲ್ಲಿ ಗಡುಸಾದ ಮಚ್ಚೆಗಳಾಗಿ ಉಳಿಯುತ್ತವೆ. ಮಚ್ಚೆ ಬಿದ್ದ ಜಾಗಕ್ಕೆ ತಕ್ಕಂತೆ ಒಬ್ಬರಿಗೆ ಕಣ್ಣು ಮಂಜಾದರೆ ಮತ್ತೊಬ್ಬರಿಗೆ ಕಾಲು ಸೋಲುತ್ತದೆ, ಇನ್ನೊಬ್ಬರಿಗೆ ಮೈ ಜೋಮು ಹಿಡಿಯುತ್ತದೆ ಅಥವಾ ಮೂತ್ರದ ಹಿಡಿತ ತಪ್ಪುತ್ತದೆ. ಸಾಮಾನ್ಯವಾಗಿ 20ರಿಂದ 40 ವರ್ಷದೊಳಗೆ ಕಾಣಿಸಿಕೊಳ್ಳುವ, ಪುರುಷರಿಗಿಂತ ಸ್ತ್ರೀಯರಲ್ಲಿ ಹೆಚ್ಚಾಗಿರುವ ಈ ಕಾಯಿಲೆಯ ಒಂದು ಗುಣವನ್ನು ಆರಂಭದಲ್ಲಿಯೇ ಗುರುತಿಸಿಕೊಳ್ಳಬೇಕು: ಬಹುತೇಕ ರೋಗಿಗಳಲ್ಲಿ ಅದು ಒಮ್ಮೆ ಉಲ್ಬಣಿಸಿ, ಕೆಲವು ವಾರಗಳಲ್ಲಿ ಯಾವ ಮದ್ದೂ ಇಲ್ಲದೆ ತಾನಾಗಿಯೇ ತಗ್ಗಿ, ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಮತ್ತೆ ಮರಳುತ್ತದೆ.

ಹೀಗೆ ತಾನಾಗಿ ತಗ್ಗುವ ರೋಗದಲ್ಲಿ, ತಗ್ಗುವುದಕ್ಕೆ ಸ್ವಲ್ಪ ಮೊದಲು ಕೊಟ್ಟ ಮದ್ದು ಯಾವುದೇ ಆಗಿರಲಿ, ಗುಣ ಕೊಟ್ಟ ಕೀರ್ತಿ ಅದಕ್ಕೇ ಸಲ್ಲುತ್ತದೆ. ಉಲ್ಬಣಕ್ಕೆ ಸ್ವಲ್ಪ ಮೊದಲು ನಡೆದ ಘಟನೆ ಯಾವುದೇ ಆಗಿರಲಿ, ಕಾರಣವೆಂಬ ಅಪವಾದ ಅದರ ಮೇಲೆ ಬೀಳುತ್ತದೆ. ಎಂಎಸ್‌ನ ಕಾರಣ ಮತ್ತು ಚಿಕಿತ್ಸೆಗಳ ಕುರಿತು ಸುಮಾರು ಎರಡು ಶತಮಾನಗಳಿಂದ ನಡೆದಿರುವ ವಾದಗಳನ್ನು ಒಟ್ಟಾಗಿ ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಸೋಂಕು, ರಕ್ತನಾಳ, ಆಹಾರ, ಹವಾಮಾನ, ವಂಶ ಎಂಬ ಕಾರಣಗಳು ಒಂದೊಂದು ಕಾಲದಲ್ಲಿ ಮುಂದೆ ಬಂದು, ಹಿಂದೆ ಸರಿದು, ಮತ್ತೆ ತಲೆಯೆತ್ತಿವೆ. ಇವುಗಳ ನಡುವೆ ಒಂದೇ ದಿಕ್ಕಿನಲ್ಲಿ ಬೆಳೆದದ್ದು ಯಾವುದನ್ನು ಪುರಾವೆಯೆಂದು ಒಪ್ಪಬೇಕು ಎಂಬ ವಿವೇಕ ಮಾತ್ರ. ಆದ್ದರಿಂದ ಈ ಕಾಯಿಲೆಯ ಚರಿತ್ರೆಯನ್ನು ವೈದ್ಯಕೀಯ ಪುರಾವೆಯ ಚರಿತ್ರೆಯೆಂದೂ ಓದಬಹುದು.

ಕಾಯಿಲೆಗೆ ಹೆಸರು ಸಿಗುವ ಮುಂಚಿನ ಅತ್ಯಂತ ವಿವರವಾದ ದಾಖಲೆ ಇಂಗ್ಲೆಂಡಿನ ದೊರೆ ಮೂರನೆಯ ಜಾರ್ಜನ ಮೊಮ್ಮಗ ಸರ್ ಅಗಸ್ಟಸ್ ಡೆಸ್ಟೆಯ ದಿನಚರಿ. 1822ರಲ್ಲಿ ಆಪ್ತರೊಬ್ಬರ ಅಂತ್ಯಕ್ರಿಯೆಯ ನಂತರ ಅವನ ದೃಷ್ಟಿ ಮಂಜಾಗಿ, ಯಾವ ಚಿಕಿತ್ಸೆಯೂ ಇಲ್ಲದೆ ಸರಿಹೋಯಿತು. ಮುಂದಿನ ವರ್ಷಗಳಲ್ಲಿ ಕಣ್ಣಿನ ತೊಂದರೆ ಮರುಕಳಿಸಿ, ಕಾಲುಗಳು ಬಲಗುಂದಿ, ಕ್ರಮೇಣ ನಡಿಗೆಯೇ ಕಷ್ಟವಾಗಿ, 1848ರಲ್ಲಿ ಅವನು ತೀರಿಕೊಂಡನು. ಈ ಅವಧಿಯಲ್ಲಿ ವೈದ್ಯರು ಅವನಿಗೆ ಮಾಂಸಾಹಾರ ಮತ್ತು ಮದ್ಯವನ್ನು ಪುಷ್ಟಿಗೆಂದು ವಿಧಿಸಿದರು, ಖನಿಜ ನೀರಿನ ಸ್ನಾನಗಳಿಗೆ ಕಳುಹಿಸಿದರು, ಲೇಪಗಳನ್ನು ಹಚ್ಚಿ ಉಜ್ಜಿದರು, ವಿದ್ಯುತ್ತನ್ನೂ ಹಾಯಿಸಿದರು. ಮೊದಲ ಸಲ ತಾನಾಗಿ ಬಂದ ಗುಣ ನಂತರದ ಪ್ರತಿ ಚಿಕಿತ್ಸೆಯ ಬೆನ್ನಿಗೂ ಸ್ವಲ್ಪಸ್ವಲ್ಪ ಬರುತ್ತಿದ್ದುದರಿಂದ ಭರವಸೆ ಪೂರ್ತಿ ಅಳಿಯಲಿಲ್ಲ. 1948ರಲ್ಲಿ ಈ ದಿನಚರಿ ಪುಸ್ತಕವಾಗಿ ಪ್ರಕಟವಾದ ಮೇಲೆ, ಡೆಸ್ಟೆಗಿದ್ದದ್ದು ಎಂಎಸ್ ಎಂಬ ಅಭಿಪ್ರಾಯ ವೈದ್ಯ ಚರಿತ್ರಕಾರರಲ್ಲಿ ನೆಲೆಗೊಂಡಿತು.

ಡೆಸ್ಟೆ ಬದುಕಿದ್ದಾಗಲೇ ಕಾಯಿಲೆಯ ದೈಹಿಕ ಗುರುತು ಶವಪರೀಕ್ಷೆಯ ಮೇಜಿನ ಮೇಲೆ ಕಾಣಿಸಿಕೊಂಡಿತ್ತು. ಸ್ಕಾಟ್ಲೆಂಡಿನ ರಾಬರ್ಟ್ ಕಾರ್ಸ್‌ವೆಲ್ 1838ರಲ್ಲಿ ಪ್ರಕಟಿಸಿದ ರೋಗಶಾಸ್ತ್ರದ ಚಿತ್ರಸಂಪುಟದಲ್ಲಿಯೂ, ಪ್ಯಾರಿಸ್ಸಿನ ಜ್ಯಾಂ ಕ್ರುವೇಯೆ ಸರಿಸುಮಾರು ಅದೇ ಕಾಲದಲ್ಲಿ ಕಂತುಕಂತಾಗಿ ಹೊರತಂದ ಗ್ರಂಥದಲ್ಲಿಯೂ ಬೆನ್ನುಹುರಿಯ ಮೇಲೆ ಚದುರಿದ ಬಣ್ಣಗೆಟ್ಟ ಮಚ್ಚೆಗಳ ಚಿತ್ರಗಳಿವೆ. ಆದರೆ ಆ ಮಚ್ಚೆಗಳಿಗೂ ಬದುಕಿದ್ದ ರೋಗಿಯ ನರಳಾಟಕ್ಕೂ ಇರುವ ಸಂಬಂಧವನ್ನು ಒಂದು ನಿಯಮವಾಗಿ ಹೇಳುವ ಸ್ಥಿತಿಯಲ್ಲಿ ಅವರು ಇರಲಿಲ್ಲ. 1849ರಲ್ಲಿ ಜರ್ಮನಿಯ ಫ್ರೀಡ್ರಿಶ್ ಫಾನ್ ಫ್ರೆರಿಕ್ಸ್ ಜೀವಂತ ರೋಗಿಯಲ್ಲಿಯೇ ಈ ಕಾಯಿಲೆಯನ್ನು ಗುರುತಿಸಲು ಸಾಧ್ಯವೆಂದು ವಾದಿಸಿದಾಗ ಸಮಕಾಲೀನರು ಸಂಶಯಪಟ್ಟರು; ಅವನ ಕೆಲವು ರೋಗಿಗಳ ಮರಣಾನಂತರದ ಪರೀಕ್ಷೆ ಅವನ ತೀರ್ಮಾನವನ್ನು ಎತ್ತಿಹಿಡಿಯಿತು.

ಈ ಚದುರಿದ ತಿಳಿವಳಿಕೆಯನ್ನು ಒಂದು ಸ್ವತಂತ್ರ ಕಾಯಿಲೆಯ ರೂಪಕ್ಕೆ ತಂದವನು ಪ್ಯಾರಿಸ್ಸಿನ ಸಾಲ್ಪೆಟ್ರಿಯೇರ್ ಆಸ್ಪತ್ರೆಯ ಜ್ಯಾಂ ಮಾರ್ಟಿನ್ ಶಾರ್ಕೋ. ಸಾವಿರಾರು ಬಡ ಹಾಗೂ ವೃದ್ಧ ಸ್ತ್ರೀಯರಿಗೆ ಆಶ್ರಯವಾಗಿದ್ದ ಆ ಆಸ್ಪತ್ರೆಯಲ್ಲಿ ರೋಗಿಗಳನ್ನು ವರ್ಷಗಟ್ಟಲೆ ಗಮನಿಸಿ, ಅವರು ತೀರಿಕೊಂಡ ಮೇಲೆ ಮಿದುಳು ಮತ್ತು ಬೆನ್ನುಹುರಿಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವ ಅನುಕೂಲ ಅವನಿಗಿತ್ತು. 1868ರ ಉಪನ್ಯಾಸಗಳಲ್ಲಿ ಅವನು ಎಂಎಸ್ಸನ್ನು ಆಗ ಅದರೊಂದಿಗೆ ಬೆರೆಸಲಾಗುತ್ತಿದ್ದ ಪಾರ್ಕಿನ್ಸನ್ ಕಾಯಿಲೆಯಿಂದ ಬೇರ್ಪಡಿಸಿದನು; ಪಾರ್ಕಿನ್ಸನ್‌ನಲ್ಲಿ ಕೈ ಸುಮ್ಮನಿದ್ದಾಗ ನಡುಗಿದರೆ, ಎಂಎಸ್‌ನಲ್ಲಿ ಏನನ್ನಾದರೂ ಹಿಡಿಯಹೋದಾಗ ನಡುಗುತ್ತದೆ ಎಂಬುದು ಅವನು ತೋರಿಸಿದ ಮುಖ್ಯ ವ್ಯತ್ಯಾಸ. ಈ ನಡುಕ, ಕಣ್ಣುಗುಡ್ಡೆಗಳ ಅನೈಚ್ಛಿಕ ಓಲಾಟ ಮತ್ತು ಅಕ್ಷರ ಬಿಡಿಸಿ ಎಳೆದಂತಹ ಮಾತು ಎಂಬ ಮೂರು ಲಕ್ಷಣಗಳು ಶಾರ್ಕೋನ ಹೆಸರಿನಲ್ಲಿಯೇ ಪ್ರಸಿದ್ಧವಾದವು. ಮಯಲಿನ್ ಹೊದಿಕೆ ನಾಶವಾದರೂ ಒಳಗಿನ ನರತಂತು ಬಹುಮಟ್ಟಿಗೆ ಉಳಿದಿರುತ್ತದೆ ಎಂಬ ಅವನ ಅವಲೋಕನವೂ ಮುಂದಿನ ಸಂಶೋಧನೆಗೆ ತಳಹದಿಯಾಯಿತು.

ಕಾರಣದ ವಿಷಯಕ್ಕೆ ಬಂದಾಗ ಶಾರ್ಕೋ ಅಷ್ಟು ಖಚಿತವಾಗಿರಲಿಲ್ಲ. ದೀರ್ಘಕಾಲದ ದುಃಖ, ಮನಕ್ಲೇಶ, ಸಾಮಾಜಿಕ ಸ್ಥಿತಿಯ ಕುಸಿತ, ತೇವ ಮತ್ತು ಶೀತ ಇವೇ ಮುಂತಾದವನ್ನು ಅವನು ಪಟ್ಟಿಮಾಡಿದನು. ಚಿನ್ನದ ಕ್ಲೋರೈಡ್, ಬೆಳ್ಳಿಯ ನೈಟ್ರೇಟ್, ಸತುವಿನ ಲವಣಗಳು, ಕಾಸರಕದ ಬೀಜದಿಂದ ತೆಗೆಯುವ ಸ್ಟ್ರಿಕ್ನಿನ್ ಮೊದಲಾದ ಮದ್ದುಗಳನ್ನು ಪ್ರಯೋಗಿಸಿದ ಮೇಲೆ ಅವುಗಳಿಂದ ಹೇಳಿಕೊಳ್ಳುವ ಫಲವಿಲ್ಲವೆಂದು ಒಪ್ಪಿಕೊಂಡನು. ಅವನ ಕಾಲದ ಇನ್ನೊಂದು ಗೊಂದಲ ಉನ್ಮಾದಕ್ಕೆ ಸಂಬಂಧಿಸಿದ್ದು. ದೇಹದಲ್ಲಿ ರೋಗವಿಲ್ಲದೆ ಮನಸ್ಸಿನಿಂದ ಹುಟ್ಟುವ ಅಂಗಸೋಲು, ಜೋಮು, ಕುರುಡುತನಗಳಿಗೆ ಹಿಸ್ಟೀರಿಯಾ ಎಂಬ ಹಣೆಪಟ್ಟಿ ಅಂಟಿಸಲಾಗುತ್ತಿತ್ತು, ಅದು ಹೆಚ್ಚಾಗಿ ಸ್ತ್ರೀಯರ ಪಾಲಿಗೆ ಬರುತ್ತಿತ್ತು. ಬಂದು ಹೋಗುವ ಲಕ್ಷಣಗಳುಳ್ಳ ಎಂಎಸ್ ಈ ಹಣೆಪಟ್ಟಿಗೆ ಸುಲಭವಾಗಿ ತುತ್ತಾಯಿತು. ಇಪ್ಪತ್ತನೆಯ ಶತಮಾನದ ಆರಂಭದ ಹಲವು ವೈದ್ಯರು ಈ ಕಾಯಿಲೆ ಪುರುಷರಲ್ಲಿಯೇ ಹೆಚ್ಚು ಅಥವಾ ಇಬ್ಬರಲ್ಲಿಯೂ ಸಮಾನವೆಂದು ಬರೆದುದಕ್ಕೆ ಇದೂ ಒಂದು ಕಾರಣವೆಂದು ಚರಿತ್ರಕಾರರು ಊಹಿಸುತ್ತಾರೆ.

ಶಾರ್ಕೋನ ಶಿಷ್ಯ ಪಿಯರ್ ಮಾರಿ 1884ರಲ್ಲಿ ಈ ಕಾಯಿಲೆ ಸೋಂಕಿನ ಫಲವೆಂದು ಸಾರಿದನು. ಪಾಶ್ಚರ್ ಮತ್ತು ಕಾಕ್‌ರ ರೋಗಾಣು ಶೋಧಗಳಿಂದ ಯುರೋಪ್ ಬೆರಗಾಗಿದ್ದ ಆ ದಿನಗಳಲ್ಲಿ, ಟೈಫಾಯ್ಡ್, ಸಿಡುಬು, ನ್ಯುಮೋನಿಯಾಗಳ ಬೆನ್ನಿಗೆ ಎಂಎಸ್ ಬಂದ ಕೆಲವು ಉದಾಹರಣೆಗಳನ್ನು ಮುಂದಿಟ್ಟು, ಇದಕ್ಕೂ ಒಂದು ದಿನ ಲಸಿಕೆ ಬರುತ್ತದೆಂದು ಮಾರಿ ನಂಬಿದ್ದನು. ಅದಕ್ಕೂ ಮೊದಲೇ, 1863ರಲ್ಲಿ, ಜರ್ಮನಿಯ ಎಡ್ವರ್ಡ್ ರಿಂಡ್‌ಫ್ಲೈಶ್ ಪ್ರತಿ ಮಚ್ಚೆಯ ನಡುವೆ ಒಂದು ಸಣ್ಣ ರಕ್ತನಾಳವಿರುವುದನ್ನು ಗಮನಿಸಿ, ರೋಗದ ಮೂಲ ಆ ನಾಳದ ಸುತ್ತ ಇರಬೇಕೆಂದು ಸೂಚಿಸಿದ್ದನು. ಈ ಎರಡು ದಾರಿಗಳೂ, ಅಂದರೆ ಹೊರಗಿನ ಸೋಂಕು ಮತ್ತು ಒಳಗಿನ ರಕ್ತನಾಳ, ಮುಂದಿನ ಒಂದೂವರೆ ಶತಮಾನದಲ್ಲಿ ಬೇರೆಬೇರೆ ವೇಷಗಳಲ್ಲಿ ಮರಳಿ ಬಂದವು.

ಸೋಂಕಿನ ದಾರಿ ಮೊದಲಿಗೆ ಹಲವು ಮುಗ್ಗರಿಕೆಗಳನ್ನು ಕಂಡಿತು. ನರಗಳನ್ನು ಕಾಡುವ ಸಿಫಿಲಿಸ್ ರೋಗಕ್ಕೆ ಸುರುಳಿಯಾಕಾರದ ಸೂಕ್ಷ್ಮಜೀವಿ ಕಾರಣವೆಂದು ಸಿದ್ಧವಾದ ಮೇಲೆ, 1917ರಲ್ಲಿ ಜರ್ಮನಿಯ ಕುನ್ ಮತ್ತು ಸ್ಟೈನರ್ ಎಂಎಸ್‌ನಲ್ಲಿಯೂ ಅಂಥದೇ ಜೀವಿಯನ್ನು ಪ್ರಾಣಿಗಳಿಗೆ ದಾಟಿಸಿದೆವೆಂದು ಘೋಷಿಸಿದರು. ಅದರ ಬೆನ್ನಿಗೆ ಸಿಫಿಲಿಸ್‌ಗೆ ಬಳಸುತ್ತಿದ್ದ ಪಾಷಾಣದ ಮದ್ದುಗಳೂ, ಬೇಕೆಂದೇ ಜ್ವರ ಬರಿಸುವ ಚಿಕಿತ್ಸೆಯೂ ಎಂಎಸ್ ರೋಗಿಗಳ ಮೇಲೆ ಪ್ರಯೋಗವಾದವು. 1930ರಲ್ಲಿ ಲಂಡನ್ನಿನ ಕ್ಯಾಥ್ಲೀನ್ ಶೆವಾಸು ರೋಗಿಗಳ ಮಿದುಳು–ಬೆನ್ನುಹುರಿ ದ್ರವದಲ್ಲಿ ಅತಿ ಸಣ್ಣ ಗೋಳಾಕಾರದ ಜೀವಿಯೊಂದನ್ನು ಬೆಳೆಸಿದ್ದಾಗಿ ಪ್ರಕಟಿಸಿದಾಗ, ಪ್ರಸಿದ್ಧ ವೈದ್ಯ ಸರ್ ಜೇಮ್ಸ್ ಪರ್ವಿಸ್ ಸ್ಟುವರ್ಟ್ ಬೆಂಬಲಕ್ಕೆ ನಿಂತರು, ಲಸಿಕೆ ತಯಾರಾಯಿತು, ಪತ್ರಿಕೆಗಳು ಅದನ್ನು ಹೊಗಳಿದವು. ಮರುವರ್ಷವೇ ಇತರ ಪ್ರಯೋಗಾಲಯಗಳು ಅದೇ ವಿಧಾನವನ್ನು ಅನುಸರಿಸಿದಾಗ ಆ ಜೀವಿ ಕಾಣಲಿಲ್ಲ. ಒಬ್ಬರು ಕಂಡದ್ದನ್ನು ಮತ್ತೊಬ್ಬರು ಸ್ವತಂತ್ರವಾಗಿ ಕಾಣುವಂತಿರಬೇಕು ಎಂಬ ಪ್ರಯೋಗಾಲಯದ ನಿಯಮ ಇಲ್ಲಿ ತನ್ನ ಕೆಲಸ ಮಾಡಿತು. ಆದರೆ ಅಷ್ಟರೊಳಗೆ ಲಸಿಕೆ ರೋಗಿಗಳ ಮೈಸೇರಿತ್ತು.

ರಕ್ತನಾಳದ ದಾರಿಯೂ ಇದೇ ಕಾಲದಲ್ಲಿ ಬಲ ಪಡೆಯಿತು. ಎಡಿನ್‌ಬರೋದ ಜೇಮ್ಸ್ ಡಾಸನ್ 1916ರಲ್ಲಿ ಮಚ್ಚೆಗಳ ಸೂಕ್ಷ್ಮ ರಚನೆಯನ್ನು ಅಪಾರ ತಾಳ್ಮೆಯಿಂದ ವರ್ಣಿಸಿ, ಸಣ್ಣ ನಾಳಗಳ ಸುತ್ತ ಉರಿಯೂತ ಹರಡುವ ರೀತಿಯನ್ನು ತೋರಿಸಿದನು. ಮಿದುಳಿನ ಒಳಕೋಣೆಗಳಿಂದ ಬೆರಳುಗಳಂತೆ ಹೊರಚಾಚುವ ಮಚ್ಚೆಗಳನ್ನು ಇಂದಿಗೂ ಎಂಆರ್‌ಐ ವರದಿಗಳು ಡಾಸನ್ನನ ಹೆಸರಿನಿಂದಲೇ ಕರೆಯುತ್ತವೆ. 1930ರ ದಶಕದಲ್ಲಿ ಅಮೆರಿಕದ ಟ್ರೇಸಿ ಪಟ್ನಮ್ ಈ ನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವುದೇ ರೋಗದ ಮೂಲವೆಂದು ವಾದಿಸಿ, ಮುಂದೆ ಹೆಪ್ಪುತಡೆ ಔಷಧಿಗಳನ್ನು ರೋಗಿಗಳಿಗೆ ಕೊಟ್ಟನು. ಹೋಲಿಕೆಗೆ ಚಿಕಿತ್ಸೆ ಪಡೆಯದ ಮತ್ತೊಂದು ಗುಂಪಿಲ್ಲದೆ ನಡೆದ ಆ ಪ್ರಯತ್ನಗಳಲ್ಲಿ ಕೆಲವರು ಸುಧಾರಿಸಿದಂತೆ ತೋರಿದರೂ ಫಲ ಸ್ಥಿರವಾಗಲಿಲ್ಲ, ವಾದ ಕ್ರಮೇಣ ಮಂಕಾಯಿತು.

ಮೂರನೆಯ ದಾರಿಯೊಂದು ತೆರೆದುಕೊಂಡದ್ದು ಎಂಎಸ್‌ಗೆ ನೇರ ಸಂಬಂಧವಿಲ್ಲದ ಹುಚ್ಚುನಾಯಿ ಕಡಿತದ ಲಸಿಕೆಯಿಂದ. 1885ರಲ್ಲಿ ಪಾಶ್ಚರ್ ಬಳಕೆಗೆ ತಂದ ಲಸಿಕೆ ಸೋಂಕು ತಗುಲಿಸಿದ ಮೊಲಗಳ ಒಣಗಿಸಿದ ಬೆನ್ನುಹುರಿಯಿಂದ ತಯಾರಾಗುತ್ತಿತ್ತು. ಅದನ್ನು ಪಡೆದವರಲ್ಲಿ ಕೆಲವರಿಗೆ ಹುಚ್ಚುನಾಯಿ ರೋಗವಲ್ಲದ ಬೇರೊಂದು ಪಾರ್ಶ್ವವಾಯು ತಗುಲುವುದು ಕಂಡುಬಂತು. ಇದಕ್ಕೆ ವೈರಾಣುವಿಗಿಂತ ಲಸಿಕೆಯೊಳಗಿನ ನರಪದಾರ್ಥವೇ ಕಾರಣವಿರಬಹುದೆಂದು ಶಂಕಿಸಿದ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ಥಾಮಸ್ ರಿವರ್ಸ್, 1933 ಮತ್ತು 1935ರ ವರದಿಗಳಲ್ಲಿ, ಆರೋಗ್ಯವಂತ ಮೊಲದ ಮಿದುಳಿನ ಸಾರವನ್ನು ಕೋತಿಗಳಿಗೆ ಪದೇಪದೇ ಚುಚ್ಚಿದಾಗ ಅವುಗಳ ಮಿದುಳಿನಲ್ಲಿ ಉರಿಯೂತವೂ ಮಯಲಿನ್ ನಾಶವೂ ಆಗುವುದನ್ನು ತೋರಿಸಿದನು. ಹೊರಗಿನ ರೋಗಾಣುಗಳೊಂದಿಗೆ ಹೋರಾಡಬೇಕಾದ ದೇಹದ ರೋಗನಿರೋಧಕ ವ್ಯವಸ್ಥೆ ತನ್ನದೇ ಅಂಗಾಂಶದ ಮೇಲೆ ತಿರುಗಿಬೀಳಬಲ್ಲದು ಎಂಬ ವಿಚಾರಕ್ಕೆ ಇದು ಗಟ್ಟಿ ಆಧಾರವಾಯಿತು.

ಈ ಪ್ರಸಂಗಕ್ಕೆ ಭಾರತದ ನೇರ ನಂಟಿದೆ. ಡೇವಿಡ್ ಸೆಂಪಲ್ 1911ರಲ್ಲಿ ಕಸೌಲಿಯಲ್ಲಿ ರೂಪಿಸಿದ ಲಸಿಕೆ ಕುರಿಯ ಮಿದುಳಿನಿಂದ ತಯಾರಾಗುತ್ತಿತ್ತು. ಕೂನೂರಿನ ಸಂಸ್ಥೆಯೂ ಅದನ್ನು ಉತ್ಪಾದಿಸಿತು, ನಾಯಿ ಕಚ್ಚಿದರೆ ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಎಂಬ ಮಾತು ದಕ್ಷಿಣ ಭಾರತದ ಹಳ್ಳಿಹಳ್ಳಿಗಳಲ್ಲಿ ಮನೆಮಾತಾಯಿತು. ಅಗ್ಗದ ಈ ಲಸಿಕೆ ಅಸಂಖ್ಯ ಜೀವಗಳನ್ನು ಉಳಿಸಿತಾದರೂ, ಅದನ್ನು ಪಡೆದ ಕೆಲವರು ಕೈಕಾಲು ಸೋತು ಆಸ್ಪತ್ರೆ ಸೇರುತ್ತಿದ್ದರು. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು 1980ರ ದಶಕದಲ್ಲಿ ಇಂಥ ರೋಗಿಗಳ ಅಧ್ಯಯನವನ್ನು ಪ್ರಕಟಿಸಿದರು, ಥಾಯ್ಲೆಂಡಿನಲ್ಲಿ 1987ರಲ್ಲಿ ನಡೆದ ಸಂಶೋಧನೆ ಇಂಥವರ ರಕ್ತದಲ್ಲಿ ಮಯಲಿನ್ನಿನ ಪ್ರೋಟೀನಿಗೆ ವಿರುದ್ಧವಾದ ಪ್ರತಿಕಾಯಗಳನ್ನು, ಅಂದರೆ ರೋಗನಿರೋಧಕ ವ್ಯವಸ್ಥೆ ತಯಾರಿಸುವ ಪ್ರೋಟೀನುಗಳನ್ನು, ಗುರುತಿಸಿತು. ರಿವರ್ಸ್ ಕೋತಿಗಳಲ್ಲಿ ತೋರಿಸಿದ್ದು ಮನುಷ್ಯರಲ್ಲಿಯೂ ನಡೆಯುತ್ತದೆಂಬುದಕ್ಕೆ ಬಡದೇಶಗಳ ಈ ಲಸಿಕೆ ಉದ್ದೇಶಿಸದ ಸಾಕ್ಷ್ಯವಾಯಿತು. ಭಾರತದಲ್ಲಿ ಅದರ ತಯಾರಿಕೆ ನಿಂತದ್ದು 2004ರ ಕೊನೆಯ ಹೊತ್ತಿಗೆ.

1940ರ ದಶಕದಲ್ಲಿ ಎಲ್ವಿನ್ ಕ್ಯಾಬಟ್ ಎಂಎಸ್ ರೋಗಿಗಳ ಮಿದುಳು–ಬೆನ್ನುಹುರಿ ದ್ರವದಲ್ಲಿ ಪ್ರತಿಕಾಯಗಳ ಅಂಶ ಹೆಚ್ಚಿರುವುದನ್ನು ಕಂಡುಹಿಡಿದ ನಂತರ ಸ್ವಯಂನಿರೋಧಕ ವಾದ, ಅಂದರೆ ದೇಹವೇ ದೇಹವನ್ನು ಬಾಧಿಸುತ್ತದೆಂಬ ವಾದ, ಪ್ರಧಾನ ಸ್ಥಾನಕ್ಕೆ ಬಂದಿತು. ಆದರೆ ಪ್ರಾಣಿಗಳಲ್ಲಿ ಬರಿಸಿದ ರೋಗ ಎಂಎಸ್ಸೇ ಹೌದೇ, ಅದರ ಪ್ರತಿರೂಪ ಮಾತ್ರವೇ ಎಂಬ ಚರ್ಚೆ ಮುಗಿಯಲಿಲ್ಲ. ಇಲಿಗಳಲ್ಲಿ ಯಶಸ್ವಿಯಾದ ಎಷ್ಟೋ ಔಷಧಿಗಳು ಮನುಷ್ಯರಲ್ಲಿ ಸೋತದ್ದು ಈ ಸಂಶಯವನ್ನು ಜೀವಂತವಾಗಿರಿಸಿದೆ.

ಈ ನಡುವೆ ಭೂಪಟವನ್ನು ಹಿಡಿದು ಕಾರಣ ಹುಡುಕುವ ಪ್ರಯತ್ನವೂ ಬೆಳೆಯಿತು. ಸ್ಕಾಟ್ಲೆಂಡ್, ಸ್ಕ್ಯಾಂಡಿನೇವಿಯಾ, ಕೆನಡಾದಂತಹ ಶೀತ ಪ್ರದೇಶಗಳಲ್ಲಿ ಎಂಎಸ್ ಹೆಚ್ಚು, ಉಷ್ಣವಲಯದಲ್ಲಿ ಕಡಿಮೆ ಎಂಬ ಗಮನಿಕೆಯನ್ನು ವಲಸೆಯ ಅಧ್ಯಯನಗಳು ಇನ್ನಷ್ಟು ಕುತೂಹಲಕರವಾಗಿಸಿದವು. ದಕ್ಷಿಣ ಆಫ್ರಿಕಾದಲ್ಲಿ ಜೆಫ್ರಿ ಡೀನ್ ನಡೆಸಿದ ಅಧ್ಯಯನಗಳಲ್ಲಿ ಉತ್ತರ ಯುರೋಪಿನಿಂದ ವಲಸೆ ಬಂದವರಲ್ಲಿ ಕಾಯಿಲೆ ಹೆಚ್ಚಾಗಿಯೂ, ಅಲ್ಲಿಯೇ ಹುಟ್ಟಿದ ಬಿಳಿಯರಲ್ಲಿ ಕಡಿಮೆಯಾಗಿಯೂ ಕಂಡಿತು; ಬಾಲ್ಯದಲ್ಲಿಯೇ ವಲಸೆ ಬಂದವರ ಅಪಾಯ ಹೊಸ ನಾಡಿನವರಂತೆ ತಗ್ಗುತ್ತದೆಂಬ ಸೂಚನೆಯೂ ದೊರೆಯಿತು. ವಂಶವೊಂದೇ ಕಾರಣವಾಗಿದ್ದರೆ ಹೀಗಾಗಲು ಸಾಧ್ಯವಿರಲಿಲ್ಲ. ಉತ್ತರ ಅಟ್ಲಾಂಟಿಕ್‌ನ ಫ್ಯಾರೋ ದ್ವೀಪಗಳಲ್ಲಿ 1943ಕ್ಕೆ ಮೊದಲು ಕಾಯಿಲೆಯೇ ಇರಲಿಲ್ಲ, 1940ರಲ್ಲಿ ಬಂದಿಳಿದ ಬ್ರಿಟಿಷ್ ಸೈನಿಕರೇ ಸೋಂಕನ್ನು ತಂದರು ಎಂದು ಜಾನ್ ಕರ್ಟ್ಸ್‌ಕೆ ಮತ್ತು ಕೈ ಹಿಲೆಸ್ಟೆಡ್ 1979ರಲ್ಲಿ ವಾದಿಸಿದರು. ಹಿಂದೆ ನರರೋಗ ತಜ್ಞರೇ ಇಲ್ಲದ ಕಡೆ ಕಾಯಿಲೆ ದಾಖಲಾಗದಿರುವುದು ಸಹಜ, ಬೆರಳೆಣಿಕೆಯ ರೋಗಿಗಳಿಂದ ಸಾಂಕ್ರಾಮಿಕವನ್ನು ಸಾಧಿಸಲಾಗದು ಎಂಬ ಪ್ರತಿವಾದಕ್ಕೆ ಅವರ ಪಕ್ಷದಿಂದ ಎಲ್ಲರೂ ಒಪ್ಪುವ ಉತ್ತರ ಬರಲಿಲ್ಲ.

ಆಹಾರದ ವಾದಕ್ಕೂ ಭೂಪಟವೇ ಪ್ರೇರಣೆ. ನಾರ್ವೆಯಲ್ಲಿ ಮೀನು ಹೆಚ್ಚಾಗಿ ತಿನ್ನುವ ಕರಾವಳಿಗಿಂತ ಹಾಲು, ಬೆಣ್ಣೆ, ಮಾಂಸಗಳನ್ನು ಅವಲಂಬಿಸಿದ ಒಳನಾಡಿನಲ್ಲಿ ಎಂಎಸ್ ಹೆಚ್ಚೆಂದು ಕಂಡ ರಾಯ್ ಸ್ವಾಂಕ್, 1940ರ ದಶಕದ ಕೊನೆಯಿಂದ ತನ್ನ ರೋಗಿಗಳನ್ನು ಪ್ರಾಣಿಜನ್ಯ ಕೊಬ್ಬು ತೀರ ಕಡಿಮೆಯಿರುವ ಪಥ್ಯದಲ್ಲಿ ಇರಿಸಿದನು. 34 ವರ್ಷಗಳ ಫಲಿತಾಂಶವನ್ನು 1990ರಲ್ಲಿ ಪ್ರಕಟಿಸಿದಾಗ, ಪಥ್ಯವನ್ನು ಕಟ್ಟುನಿಟ್ಟಾಗಿ ಪಾಲಿಸಿದವರು ಬಿಟ್ಟವರಿಗಿಂತ ಬಹಳ ಚೆನ್ನಾಗಿದ್ದರು. ಆದರೆ ಯಾರು ಪಥ್ಯ ಪಾಲಿಸಬೇಕೆಂಬುದನ್ನು ಚೀಟಿ ಎತ್ತಿ ನಿರ್ಧರಿಸಿರಲಿಲ್ಲ; ಆರೋಗ್ಯ ಉತ್ತಮವಾಗಿದ್ದವರು ಪಥ್ಯವನ್ನು ಉಳಿಸಿಕೊಂಡು, ಕೆಟ್ಟವರು ನಿರಾಶೆಯಿಂದ ಬಿಟ್ಟಿರುವ ಸಾಧ್ಯತೆಯನ್ನು ಈ ಅಧ್ಯಯನ ತಳ್ಳಿಹಾಕಲಾರದು. ರೋಗಿಗಳು ತಮ್ಮ ಕೈಯಲ್ಲಿರುವ ಏಕೈಕ ಸಾಧನವೆಂದು ಆಹಾರವನ್ನು ನೆಚ್ಚುವುದಕ್ಕೂ ವೈದ್ಯರು ಅದನ್ನು ಅನುಮಾನಿಸುವುದಕ್ಕೂ ನಡುವಣ ಎಳೆದಾಟ ಅಂದಿನಿಂದ ಮುಂದುವರಿದಿದೆ.

ಪುರಾವೆಯ ಪ್ರಶ್ನೆಯನ್ನು ಅತ್ಯಂತ ಸ್ಪಷ್ಟವಾಗಿ ಎತ್ತಿದ್ದು ಕ್ಷಯರೋಗದ ಮಾತ್ರೆಯಾದ ಐಸೋನಯಾಜಿಡ್‌ನ ಪ್ರಸಂಗ. 1954ರಲ್ಲಿ ಕರ್ಟ್ಸ್‌ಕೆ ಮತ್ತು ಲೂಯಿಸ್ ಬರ್ಲಿನ್ ಈ ಮಾತ್ರೆ ಪಡೆದ ಎಂಎಸ್ ರೋಗಿಗಳಲ್ಲಿ ಬಹುತೇಕರು ಸುಧಾರಿಸಿದರೆಂದು ವರದಿ ಮಾಡಿದರು. ಸುಧಾರಣೆಯನ್ನು ಅಳೆಯಲು ಕರ್ಟ್ಸ್‌ಕೆ 1955ರಲ್ಲಿ ಅಂಗವೈಕಲ್ಯದ ಮಾಪನವೊಂದನ್ನು ರೂಪಿಸಿದನು. ಬಳಿಕ ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ, ಒಂದು ಗುಂಪಿಗೆ ಔಷಧಿಯನ್ನೂ ಇನ್ನೊಂದಕ್ಕೆ ನೋಟದಲ್ಲಿ ಅದೇ ತೆರನಾದ ನಿಸ್ಸಾರ ಮಾತ್ರೆಯನ್ನೂ ಕೊಟ್ಟು, ಯಾರಿಗೆ ಯಾವುದು ಸಿಕ್ಕಿತೆಂಬುದು ರೋಗಿಗೂ ವೈದ್ಯನಿಗೂ ತಿಳಿಯದಂತೆ ಪರೀಕ್ಷೆ ನಡೆಸಿದಾಗ, 1957ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಎರಡೂ ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ಔಷಧಿ ಬಿದ್ದುಹೋಯಿತು, ಮಾಪನ ಉಳಿಯಿತು. 1983ರಲ್ಲಿ ಪರಿಷ್ಕೃತವಾದ ಆ ಮಾಪನವೇ ಇಂದಿನ ಔಷಧ ಪರೀಕ್ಷೆಗಳ ಸಾಮಾನ್ಯ ಅಳತೆಗೋಲು. 1965ರಲ್ಲಿ ಜಾರ್ಜ್ ಶೂಮಾಕರ್ ಅಧ್ಯಕ್ಷತೆಯ ಸಮಿತಿ ಪರೀಕ್ಷೆಗೆ ಆಯ್ದುಕೊಳ್ಳುವ ರೋಗಿಗಳಲ್ಲಿ ಎಂಎಸ್ ಇರುವುದನ್ನು ಖಚಿತಪಡಿಸುವ ನಿಯಮಗಳನ್ನು ಹೇಳಿತು, 1970ರಲ್ಲಿ ಎಸಿಟಿಎಚ್ ಎಂಬ ಹಾರ್ಮೋನು ಉಲ್ಬಣದಿಂದ ಚೇತರಿಸಿಕೊಳ್ಳುವುದನ್ನು ತ್ವರಿತಗೊಳಿಸುತ್ತದೆಂದು ಇಂಥದೇ ಹೋಲಿಕೆಯ ಪರೀಕ್ಷೆಯಿಂದ ಸಿದ್ಧವಾಯಿತು. ಕಾಯಿಲೆಯ ದೀರ್ಘ ಗತಿಯನ್ನು ಮಾತ್ರ ಅದು ಬದಲಿಸಲಿಲ್ಲ.

ಈ ಬದಲಾವಣೆಯಲ್ಲಿ ರೋಗಿಗಳ ಬಳಗದ ಪಾತ್ರ ದೊಡ್ಡದು. ತಮ್ಮನ ಕಾಯಿಲೆಯಿಂದ ಕಂಗೆಟ್ಟ ಸಿಲ್ವಿಯಾ ಲಾರಿ 1945ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ, ಎಂಎಸ್‌ನಿಂದ ಗುಣಹೊಂದಿದವರು ಯಾರಾದರೂ ಇದ್ದರೆ ಸಂಪರ್ಕಿಸಬೇಕೆಂದು ಜಾಹೀರಾತು ಕೊಟ್ಟಳು. ಬಂದ ಉತ್ತರಗಳಲ್ಲಿ ಹೆಚ್ಚಿನವು ಅದೇ ಪ್ರಶ್ನೆಯನ್ನು ಕೇಳುವವರದಾಗಿದ್ದವು. ಮರುವರ್ಷ ಅವಳು ಸ್ಥಾಪಿಸಿದ ಸಂಘ ಸಂಶೋಧನೆಗೆ ಹಣ ಒದಗಿಸುವ ಪ್ರಮುಖ ಸಂಸ್ಥೆಯಾಗಿ ಬೆಳೆಯಿತು. ಭಾರತದಲ್ಲಿ ಇಂಥ ಸಂಘ 1985ರಲ್ಲಿ ಮುಂಬಯಿಯಲ್ಲಿ ಹುಟ್ಟಿತು.

ಕಾಯಿಲೆಯ ಗತಿಯನ್ನೇ ಬದಲಿಸುವ ಔಷಧಿಗಳ ಯುಗಕ್ಕೆ ದಾರಿಮಾಡಿದ್ದು ಒಂದು ವೈಫಲ್ಯ. ಎಂಎಸ್‌ಗೆ ವೈರಾಣು ಕಾರಣವಿರಬಹುದೆಂಬ ನಂಬಿಕೆಯಿಂದ ವೈರಾಣುಗಳನ್ನು ತಡೆಯುವ ಇಂಟರ್‌ಫೆರಾನ್ ಎಂಬ ದೇಹಜನ್ಯ ಪ್ರೋಟೀನುಗಳನ್ನು 1980ರ ದಶಕದಲ್ಲಿ ಪ್ರಯೋಗಿಸಲಾಯಿತು. ಅವುಗಳಲ್ಲಿ ಗ್ಯಾಮಾ ಬಗೆಯದು 1987ರ ಪರೀಕ್ಷೆಯಲ್ಲಿ ಉಲ್ಬಣಗಳನ್ನು ಹೆಚ್ಚಿಸಿತು. ನಿರೋಧಕ ವ್ಯವಸ್ಥೆಯನ್ನು ಕೆರಳಿಸಿದರೆ ಕಾಯಿಲೆ ಕೆರಳುತ್ತದೆಂಬುದಕ್ಕೆ ಇದಕ್ಕಿಂತ ಬಲವಾದ ಪುರಾವೆ ಅದುವರೆಗೆ ಇರಲಿಲ್ಲ. ಬೀಟಾ ಬಗೆಯದು ಉಲ್ಬಣಗಳನ್ನು ಸುಮಾರು ಮೂರನೆಯ ಒಂದರಷ್ಟು ತಗ್ಗಿಸಿ 1993ರಲ್ಲಿ ಅಮೆರಿಕದಲ್ಲಿ ಮಾನ್ಯತೆ ಪಡೆಯಿತು. ತಯಾರಿಕೆ ಸಾಲದೆ ಔಷಧಿಯನ್ನು ಲಾಟರಿಯ ಮೂಲಕ ಹಂಚಬೇಕಾಯಿತು. ಇಸ್ರೇಲಿನ ವೈಟ್ಸ್‌ಮನ್ ಸಂಸ್ಥೆಯಲ್ಲಿ ಮೈಕೆಲ್ ಸೇಲಾ, ರೂತ್ ಅರ್ನೋನ್ ಮತ್ತು ಡ್ವೋರಾ ಟೈಟೆಲ್‌ಬಾಮ್ ಪ್ರಾಣಿಗಳಲ್ಲಿ ರೋಗ ಬರಿಸಲೆಂದು ತಯಾರಿಸಿದ ಕೃತಕ ಪ್ರೋಟೀನು ಅದಕ್ಕೆ ವಿರುದ್ಧವಾಗಿ ರೋಗವನ್ನು ಅಡಗಿಸಿ, ಗ್ಲಾಟಿರಾಮರ್ ಎಂಬ ಔಷಧಿಯಾಗಿ 1996ರಲ್ಲಿ ಅಲ್ಲಿ ಮಾರುಕಟ್ಟೆಗೆ ಬಂದಿತು.

ಈ ಔಷಧಿಗಳ ಫಲವನ್ನು ಕಣ್ಣಿಗೆ ಕಾಣಿಸಿದ್ದು ಎಂಆರ್‌ಐ. 1981ರಲ್ಲಿ ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯ ತಂಡ ಜೀವಂತ ರೋಗಿಗಳ ಮಿದುಳಿನ ಮಚ್ಚೆಗಳನ್ನು ಈ ವಿಧಾನದಿಂದ ತೋರಿಸಿದ ನಂತರ, ಹೊರಗೆ ಲಕ್ಷಣವೇ ಇಲ್ಲದಾಗಲೂ ಒಳಗೆ ಹೊಸ ಮಚ್ಚೆಗಳು ಹುಟ್ಟುತ್ತಿರುವುದು ತಿಳಿಯಿತು. ಇದರಿಂದ ತಾನಾಗಿ ತಗ್ಗುವ ರೋಗವೆಂಬ ಹಳೆಯ ಕಲ್ಪನೆಯೇ ಅರ್ಧಸತ್ಯವೆಂದು ಸಾಬೀತಾಯಿತು. ಆದರೆ ಮಚ್ಚೆ ಕಡಿಮೆಯಾದರೆ ಮುಪ್ಪಿನಲ್ಲಿ ಗಾಲಿಕುರ್ಚಿ ತಪ್ಪುತ್ತದೆಯೇ ಎಂಬ ಹೊಸ ವಾದ ಹುಟ್ಟಿತು. ದುಬಾರಿ ಔಷಧಿಗಳಿಗೆ ಸಾರ್ವಜನಿಕ ಹಣ ಕೊಡುವ ಪ್ರಶ್ನೆ ಎದ್ದಾಗ ಬ್ರಿಟನ್ 2002ರಲ್ಲಿ, ಫಲ ನಿರೀಕ್ಷೆಗಿಂತ ಕಡಿಮೆಯಾದರೆ ಬೆಲೆಯನ್ನು ತಗ್ಗಿಸುವ ಒಪ್ಪಂದವನ್ನು ತಯಾರಕರೊಂದಿಗೆ ಮಾಡಿಕೊಂಡಿತು. ಹೆಚ್ಚು ಪ್ರಬಲವಾದ ನಟಾಲಿಜುಮ್ಯಾಬ್ 2004ರಲ್ಲಿ ಬಂದು, ಮಿದುಳಿಗೆ ಮಾರಕವಾದ ಅಪರೂಪದ ವೈರಾಣು ಸೋಂಕು ಕಾಣಿಸಿಕೊಂಡದ್ದರಿಂದ 2005ರಲ್ಲಿ ಹಿಂತೆಗೆಯಲ್ಪಟ್ಟು, ಎಚ್ಚರಿಕೆಯ ನಿಯಮಗಳೊಡನೆ 2006ರಲ್ಲಿ ಮರಳಿತು.

ಇಷ್ಟೆಲ್ಲ ಕಟ್ಟುಪಾಡುಗಳು ಬೆಳೆದ ಮೇಲೂ ಹಳೆಯ ರಕ್ತನಾಳ ವಾದ 2009ರಲ್ಲಿ ಹೊಸ ಆವೇಶದಿಂದ ಮರಳಿತು. ಇಟಲಿಯ ಫೆರಾರಾದ ರಕ್ತನಾಳ ಶಸ್ತ್ರವೈದ್ಯ ಪಾವ್ಲೊ ಜಾಂಬೋನಿ, ಎಂಎಸ್ ರೋಗಿಗಳಲ್ಲಿ ಕುತ್ತಿಗೆಯ ಅಭಿಧಮನಿಗಳು, ಅಂದರೆ ಮಿದುಳಿನಿಂದ ಹೃದಯಕ್ಕೆ ರಕ್ತ ಹಿಂತಿರುಗಿಸುವ ನಾಳಗಳು, ಕಿರಿದಾಗಿರುತ್ತವೆಂದೂ, ಬಲೂನಿನಿಂದ ಅವನ್ನು ಹಿಗ್ಗಿಸಿದರೆ ರೋಗ ತಗ್ಗುತ್ತದೆಂದೂ ಪ್ರತಿಪಾದಿಸಿದನು. ಅವನ ಪತ್ನಿಗೂ ಇದೇ ಕಾಯಿಲೆಯಿದ್ದುದು ಸುದ್ದಿಗೆ ಮಾನವೀಯ ಬಣ್ಣ ಕೊಟ್ಟಿತು, ಕೆನಡಾದ ದೂರದರ್ಶನ ಕಾರ್ಯಕ್ರಮವೊಂದರ ನಂತರ ಅಲ್ಲಿನ ರೋಗಿಗಳು ಪೋಲೆಂಡ್, ಮೆಕ್ಸಿಕೊ, ಭಾರತ ಮೊದಲಾದ ದೇಶಗಳ ಖಾಸಗಿ ಆಸ್ಪತ್ರೆಗಳಿಗೆ ಸ್ವಂತ ಖರ್ಚಿನಲ್ಲಿ ಹೊರಟರು. ನರರೋಗ ತಜ್ಞರು ಔಷಧ ಕಂಪನಿಗಳ ಪರವಾಗಿ ಸತ್ಯವನ್ನು ಮುಚ್ಚಿಡುತ್ತಿದ್ದಾರೆಂಬ ಆರೋಪವೂ ಕೇಳಿಬಂತು. 2013ರಲ್ಲಿ ಕೆನಡಾದ ಅಧ್ಯಯನವೊಂದು ಇಂಥ ಕಿರಿದಾದ ನಾಳಗಳು ಆರೋಗ್ಯವಂತರಲ್ಲಿಯೂ ಅಷ್ಟೇ ಸಾಮಾನ್ಯವೆಂದು ತೋರಿಸಿತು. 2017ರಲ್ಲಿ ಜಾಂಬೋನಿಯೇ ಮುಂದಾಳಾಗಿ ನಡೆಸಿದ, ಕೆಲವರಿಗೆ ಬಲೂನು ಹಿಗ್ಗಿಸದೆ ಶಸ್ತ್ರಕ್ರಿಯೆಯ ನಟನೆ ಮಾತ್ರ ಮಾಡಿದ ಪರೀಕ್ಷೆಯಲ್ಲಿ ಎರಡೂ ಗುಂಪುಗಳು ಒಂದೇ ಬಗೆಯಾಗಿದ್ದವು. ವಾದ ಹೂಡಿದವನೇ ತನ್ನ ವಾದವನ್ನು ಕಠಿಣ ಪರೀಕ್ಷೆಗೆ ಒಡ್ಡಿ ಸೋಲನ್ನು ಪ್ರಕಟಿಸಿದ್ದು ಈ ಚರಿತ್ರೆಯ ಗೌರವಾರ್ಹ ಘಟನೆಗಳಲ್ಲಿ ಒಂದು.

ಸೋಂಕಿನ ವಾದದ ಮರುಹುಟ್ಟು ಬೇರೆ ರೀತಿಯದು. ಗಂಟಲುನೋವು, ಜ್ವರ, ಗ್ರಂಥಿಗಳ ಊತವನ್ನು ಉಂಟುಮಾಡುವ, ವಯಸ್ಕರಲ್ಲಿ ಸುಮಾರು 95 ಪ್ರತಿಶತ ಜನರ ದೇಹದಲ್ಲಿ ಸದ್ದಿಲ್ಲದೆ ನೆಲೆಸಿರುವ ಎಪ್ಸ್ಟೈನ್–ಬಾರ್ ವೈರಾಣುವಿನ ಮೇಲೆ ಬಹಳ ಕಾಲದಿಂದ ಅನುಮಾನವಿತ್ತು. ಎಲ್ಲರಲ್ಲಿಯೂ ಇರುವುದನ್ನು ಕೆಲವರ ಕಾಯಿಲೆಗೆ ಕಾರಣವೆಂದು ಹೇಗೆ ಸಾಧಿಸಬೇಕೆಂಬುದೇ ತೊಡಕು. ಹಾರ್ವರ್ಡಿನ ಆಲ್ಬರ್ಟೊ ಅಶೇರಿಯೊ ತಂಡ ಅಮೆರಿಕದ ಸುಮಾರು 1 ಕೋಟಿ ಸೈನಿಕರ ಪೈಕಿ ಸೇವಾವಧಿಯಲ್ಲಿ ಎಂಎಸ್ ಬಂದ 955 ಜನರನ್ನು ಗುರುತಿಸಿ, ಕಾಯಿಲೆಗೆ ಮೊದಲು ಕಾಲಕಾಲಕ್ಕೆ ಸಂಗ್ರಹಿಸಿಟ್ಟಿದ್ದ ಅವರ ರಕ್ತದ ಮಾದರಿಗಳನ್ನು ಪರೀಕ್ಷಿಸಿ, ಈ ವೈರಾಣು ತಗುಲಿದ ಮೇಲೆ ಎಂಎಸ್‌ನ ಅಪಾಯ 32 ಪಟ್ಟು ಹೆಚ್ಚುತ್ತದೆಂದೂ, ಬೇರೆ ವೈರಾಣುಗಳಿಂದ ಹಾಗಾಗುವುದಿಲ್ಲವೆಂದೂ 2022ರಲ್ಲಿ ತೋರಿಸಿತು. ಅದೇ ವರ್ಷ ಸ್ಟ್ಯಾನ್‌ಫರ್ಡಿನ ಸಂಶೋಧಕರು ವೈರಾಣುವಿನ ಒಂದು ಪ್ರೋಟೀನು ಮಿದುಳಿನ ಪ್ರೋಟೀನನ್ನು ಹೋಲುವುದರಿಂದ ಪ್ರತಿಕಾಯಗಳು ಮೋಸಹೋಗಿ ಎರಡನ್ನೂ ಹಿಡಿಯುತ್ತವೆಂದು ವಿವರಿಸಿದರು. ಹೀಗೆ ಮಾರಿಯ ಸೋಂಕು ವಾದವೂ ರಿವರ್ಸ್‌ನ ಸ್ವಯಂನಿರೋಧಕ ವಾದವೂ ಒಂದೇ ಸರಪಳಿಯ ಕೊಂಡಿಗಳಾದವು. ಆದರೂ ವೈರಾಣುವನ್ನು ಹೊತ್ತ ಬಹುಸಂಖ್ಯಾತರಿಗೆ ಕಾಯಿಲೆ ಬರುವುದಿಲ್ಲ. ವಂಶವಾಹಿಗಳು, ವಿಟಮಿನ್ ಡಿ ಕೊರತೆ, ಧೂಮಪಾನ ಮೊದಲಾದವು ಜೊತೆಗೂಡಬೇಕೆಂಬುದು ಇಂದಿನ ಬಹುಮತ. ಕಾಯಿಲೆಯ ಅಪಾಯ ಹೆಚ್ಚಿಸುವ ವಂಶವಾಹಿಗಳು ಸುಮಾರು 5000 ವರ್ಷಗಳ ಹಿಂದೆ ಹುಲ್ಲುಗಾವಲಿನ ಪಶುಪಾಲಕರೊಂದಿಗೆ ಉತ್ತರ ಯುರೋಪಿಗೆ ಬಂದವೆಂದು 2024ರಲ್ಲಿ ಪ್ರಾಚೀನ ಅಸ್ಥಿಗಳ ಅಧ್ಯಯನವೊಂದು ಸೂಚಿಸಿದ್ದು, ಭೂಪಟದ ಹಳೆಯ ಒಗಟಿಗೆ ಹೊಸ ಉತ್ತರವೊಂದನ್ನು ಸೇರಿಸಿದೆ.

ಭಾರತದಲ್ಲಿ ಈ ಚರ್ಚೆ ಬೇರೊಂದು ತಿರುವು ಪಡೆಯಿತು. 1980ರ ದಶಕದ ಅಂದಾಜುಗಳು ಇಲ್ಲಿ ಎಂಎಸ್ ಲಕ್ಷಕ್ಕೆ ಸುಮಾರು ಒಬ್ಬರಿಗೆ ಮಾತ್ರ ಎಂದು ಹೇಳುತ್ತಿದ್ದವು; ಮುಂಬಯಿಯ ಪಾರ್ಸಿಗಳಲ್ಲಿ ಅದು ಲಕ್ಷಕ್ಕೆ 20ಕ್ಕೂ ಹೆಚ್ಚೆಂದು ನೋಶಿರ್ ವಾಡಿಯಾ ಕಂಡದ್ದು ವಂಶದ ವಾದಕ್ಕೆ ಬಲ ಕೊಟ್ಟಿತು. ಮಂಗಳೂರಿನಲ್ಲಿ ಲೇಖಾ ಪಂಡಿತ್ ನೇತೃತ್ವದ ತಂಡ ಶೋಧಿಸಿದಾಗ ಲಕ್ಷಕ್ಕೆ ಸುಮಾರು 8 ಜನ ಸಿಕ್ಕರು. ಎಂಆರ್‌ಐ ಯಂತ್ರವೂ ತಜ್ಞರೂ ಇದ್ದ ಕಡೆ ಅಪರೂಪವೆನಿಸಿದ ಕಾಯಿಲೆ ಅಷ್ಟು ಅಪರೂಪವಾಗಿ ಉಳಿಯಲಿಲ್ಲ. ಅಷ್ಟೇ ಮುಖ್ಯವಾದದ್ದು ಎಂಎಸ್‌ನೊಡನೆ ಬೆರೆತಿದ್ದ ಇನ್ನೊಂದು ಕಾಯಿಲೆಯ ಬೇರ್ಪಡಿಕೆ. ಕಣ್ಣಿನ ನರ ಮತ್ತು ಬೆನ್ನುಹುರಿಯನ್ನು ತೀವ್ರವಾಗಿ ಹಾಳುಮಾಡುವ, 1894ರಲ್ಲಿ ಯೂಜೀನ್ ಡೆವಿಕ್ ವರ್ಣಿಸಿದ್ದ ನ್ಯೂರೋಮಯಲೈಟಿಸ್ ಆಪ್ಟಿಕಾ ಏಷ್ಯಾದಲ್ಲಿ ಸಾಪೇಕ್ಷವಾಗಿ ಹೆಚ್ಚು. ಅದನ್ನು ಎಂಎಸ್‌ನ ಏಷ್ಯನ್ ರೂಪವೆಂದೇ ಬಹಳ ಕಾಲ ಎಣಿಸಲಾಗಿತ್ತು. ಅಮೆರಿಕದ ಮೇಯೊ ಕ್ಲಿನಿಕ್ 2004ರಲ್ಲಿ ಅದಕ್ಕೇ ವಿಶಿಷ್ಟವಾದ ಪ್ರತಿಕಾಯವನ್ನು ಕಂಡುಹಿಡಿದ ಮೇಲೆ ಅದು ಬೇರೆಯೇ ಕಾಯಿಲೆಯೆಂದು ನಿರ್ಣಯವಾಯಿತು, ಎಂಎಸ್‌ಗೆ ಕೊಡುವ ಇಂಟರ್‌ಫೆರಾನ್ ಅದನ್ನು ಉಲ್ಬಣಿಸಬಹುದೆಂಬುದೂ ತಿಳಿಯಿತು.

ಔಷಧಿಯ ಬೆಲೆಯ ಚರ್ಚೆಯಲ್ಲಿಯೂ ಭಾರತದ ಅನುಭವಕ್ಕೆ ಸ್ಥಾನವಿದೆ. ಪ್ರತಿಕಾಯಗಳಿಗೆ ಸಂಬಂಧಿಸಿದ ಬಿ ಜೀವಕೋಶಗಳನ್ನು ನಿವಾರಿಸುವ ರಿಟುಕ್ಸಿಮ್ಯಾಬ್ ಎಂಬ ಕ್ಯಾನ್ಸರ್ ಔಷಧಿ 2008ರ ಪರೀಕ್ಷೆಯಲ್ಲಿ ಎಂಎಸ್ಸನ್ನು ಗಮನಾರ್ಹವಾಗಿ ತಡೆಯಿತಾದರೂ, ಕಂಪನಿಗಳು ಅದೇ ಬಗೆಯ ಹೊಸ ಹಾಗೂ ದುಬಾರಿ ಔಷಧಿಯಾದ ಆಕ್ರೆಲಿಜುಮ್ಯಾಬ್ ಕಡೆ ಹೊರಳಿ, 2017ರಲ್ಲಿ ಅದಕ್ಕೆ ಮಾನ್ಯತೆ ಪಡೆದವು. 2007ರಿಂದಲೇ ರಿಟುಕ್ಸಿಮ್ಯಾಬ್‌ನ ಅಗ್ಗದ ಸಮರೂಪ ದೊರೆಯುತ್ತಿದ್ದ ಭಾರತದ ವೈದ್ಯರು ಅಧಿಕೃತ ಮಾನ್ಯತೆಯಿಲ್ಲದೆಯೂ ಅದನ್ನು ಬಳಸಿದರು, 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಎಂಎಸ್‌ನ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಈ ಕಾಯಿಲೆಯನ್ನು ಹೆಸರಿಸಿದ್ದರಿಂದ ಇಲ್ಲಿನ ರೋಗಿಗಳಿಗೆ ಕಾನೂನಿನ ಮಾನ್ಯತೆಯೂ ದೊರೆತಿದೆ.

ಈ ದೀರ್ಘ ವಿವಾದದಲ್ಲಿ ಸೋತ ವಾದಗಳನ್ನು ಮೂರ್ಖತನವೆಂದು ಬದಿಗೊತ್ತುವುದು ಚರಿತ್ರೆಗೆ ಮಾಡುವ ಅನ್ಯಾಯ. ನಾಳದ ಸುತ್ತ ಮಚ್ಚೆ ಇರುವುದು, ಶೀತ ನಾಡುಗಳಲ್ಲಿ ಕಾಯಿಲೆ ಹೆಚ್ಚಿರುವುದು, ಸೋಂಕಿನ ಬೆನ್ನಿಗೆ ಅದು ಬರುವುದು ಈ ಮೂರೂ ನಿಜವಾದ ಅವಲೋಕನಗಳೇ. ತಪ್ಪಿದ್ದು ಒಂದು ಅವಲೋಕನದಿಂದ ಇಡೀ ಕಾರಣಕ್ಕೂ, ಕಾರಣದಿಂದ ನೇರ ಚಿಕಿತ್ಸೆಗೂ ಜಿಗಿಯುವಲ್ಲಿ. ಶೆವಾಸು ಲಸಿಕೆಗೂ ಜಾಂಬೋನಿಯ ಬಲೂನಿಗೂ ನಡುವೆ ಸುಮಾರು 80 ವರ್ಷಗಳ ಅಂತರವಿದ್ದರೂ, ಎರಡರಲ್ಲಿಯೂ ರೋಗಿಗಳ ತುರ್ತು ಪರೀಕ್ಷೆಯ ನಿಧಾನಗತಿಯನ್ನು ಮೀರಿ ಓಡಿತು, ಎರಡರಲ್ಲಿಯೂ ಅದರ ಬೆಲೆಯನ್ನು ರೋಗಿಗಳೇ ತೆತ್ತರು. ಉಲ್ಬಣಗಳನ್ನು ತಡೆಯುವಲ್ಲಿ ಗೆದ್ದಿರುವ ಇಂದಿನ ಔಷಧಿಗಳು ಉಲ್ಬಣವಿಲ್ಲದೆ ನಿಧಾನವಾಗಿ ಮುಂದುವರಿಯುವ ರೋಗದ ಎದುರು ಇನ್ನೂ ದುರ್ಬಲವಾಗಿವೆ, ಕಳೆದುಹೋದ ಮಯಲಿನ್ನನ್ನು ಮರಳಿಸುವ ಮದ್ದು ಪ್ರಯೋಗದ ಹಂತವನ್ನು ದಾಟಿಲ್ಲ. ಆದ್ದರಿಂದ ಹೊಸ ವಾದಗಳು ಹುಟ್ಟುವುದು ನಿಶ್ಚಯ. ಚಿಕಿತ್ಸೆ ಪಡೆದವರಲ್ಲಿ ಎಷ್ಟು ಮಂದಿ ಸುಧಾರಿಸಿದರೆಂಬುದರೊಡನೆ ಪಡೆಯದವರಲ್ಲಿ ಎಷ್ಟು ಮಂದಿ ಸುಧಾರಿಸಿದರೆಂದೂ ಕೇಳುವ ಶಿಸ್ತನ್ನು ಎಂಎಸ್ ವೈದ್ಯಶಾಸ್ತ್ರಕ್ಕೆ ಬಹಳ ದುಬಾರಿಯಾಗಿ ಕಲಿಸಿದೆ. ಆ ಹೊಸ ವಾದಗಳ ಬೆಲೆ ಕಟ್ಟುವುದು ಆ ಪ್ರಶ್ನೆಯಿಂದಲೇ.